ಸಂಜೆಯ ನೂರ ಹತ್ತು ವೋಲ್ಟು

ತೆರಕಣಾಂಬಿಯಲ್ಲಿ ಹದಿನಾಲ್ಕು ವರ್ಷ ಮೋಟಾರಿಗೆ ತಾಮ್ರದ ತಂತಿ ಸುತ್ತುವ ವೈಂಡಿಂಗ್ ಕೆಲಸ ಮಾಡಿ ಬದುಕಿದವನು ನಾನು, ಮಹಾಲಿಂಗ. ನಾನು ಸುತ್ತಿದ್ದು ಸುಟ್ಟುಹೋಯಿತು ಅಂತ ಒಬ್ಬನೂ ಅಂದಿರಲಿಲ್ಲ. ತೊಂಬತ್ತಾರರ ಬೇಸಿಗೆಯಲ್ಲಿ ಅರಿಶಿನದ ವ್ಯಾಪಾರಿ ರಾಜಶೇಖರ್ ಅಂದುಬಿಟ್ಟರು, ಅದೂ ಬಸ್‌ಸ್ಟ್ಯಾಂಡಿನಲ್ಲಿ ನಿಂತು.

ಅವರು ಜಪಾನಿಗೆ ಟೂರ್ ಹೋಗಿ ಲ್ಯಾಪ್‌ಟಾಪ್ ತಂದಿದ್ದರು. ಅಲ್ಲಿಯ ಕರೆಂಟು ನೂರು ವೋಲ್ಟು, ನಮ್ಮದು ಇನ್ನೂರಿಪ್ಪತ್ತು. ನೇರ ಹಾಕಿದರೆ ಸುಟ್ಟುಹೋಗುತ್ತದೆ ಅಂತ ಯಾರೋ ಹೇಳಿದ್ದಕ್ಕೇ ನನ್ನ ಅಂಗಡಿಗೆ ಬಂದದ್ದು. ಎರಡು ದಿನ ಕೂತು ವೋಲ್ಟೇಜು ಇಳಿಸುವ ಟ್ರಾನ್ಸ್‌ಫಾರ್ಮರ್ ಸುತ್ತಿ, ತಗಡಿನ ಡಬ್ಬದಲ್ಲಿ ಕೂರಿಸಿ, ಪ್ಲಗ್ಗಿನ ಪಿನ್ನು ಬಗ್ಗದಿರಲಿ ಅಂತ ಕಪ್ಪು ಟೇಪು ಸುತ್ತಿ ಕೊಟ್ಟೆ. "ಈ ಡಬ್ಬ ಇಲ್ದೆ ಆಕ್ಬ್ಯಾಡಿ ಸಾವ್ಕಾರ್ರೇ" ಅಂತ ಮೂರು ಸಲ ಹೇಳಿದ್ದೆ.

ನಾಲ್ಕನೇ ದಿನಕ್ಕೆ ಊರೆಲ್ಲ ಒಂದೇ ಮಾತು: ಮಹಾಲಿಂಗನ ವೈಂಡಿಂಗು ಸಾಹುಕಾರರ ಲ್ಯಾಪ್‌ಟಾಪ್ ಸುಟ್ಟಿತು. ಮಾರನೆಯ ಬೆಳಿಗ್ಗೆ ನನ್ನ ಹಳೆಯ ಗಿರಾಕಿ ಬೀರಯ್ಯ ಬಂದು, ರಿಪೇರಿಗೆ ಕೊಟ್ಟಿದ್ದ ಪಂಪ್‌ಸೆಟ್ ಮೋಟಾರು ವಾಪಸ್ ಕೇಳಿದ.

"ತಪ್ಪು ತಿಳ್ಕಬ್ಯಾಡ ಕಣ್ಲಾ, ಗುಂಡ್ಲುಪೇಟೆಲಿ ಸುತ್ತುಸ್ತೀನಿ."

ಮೈಯೆಲ್ಲ ಉರಿದುಹೋಯಿತು. "ಬಾ, ಮೊದ್ಲು ಅವರ ಮನೆಗೆ ಓಗನ" ಅಂತ ಅವನನ್ನೂ ಎಳೆದುಕೊಂಡೇ ಹೋದೆ.

ನನ್ನ ಡಬ್ಬ ಅವರ ಟಿ.ವಿ. ಮೇಲೆ ಕೂತಿತ್ತು. ಪಿನ್ನಿನ ಟೇಪು ನಾನು ಸುತ್ತಿದ ಹಾಗೇ ಇತ್ತು.

"ಗೋಡೆಗೇ ಆಕ್ದೆ ಇರೋ ಡಬ್ಬ ಎಂಗೆ ಸುಡ್ತು ಸಾವ್ಕಾರ್ರೇ?"

ಅವರು ಟಿ.ವಿ.ಯ ಸ್ಟೆಬಿಲೈಸರಿನಲ್ಲಿ ವೋಲ್ಟೇಜು ತೋರಿಸುವ ಮುಳ್ಳಿನ ಕಡೆ ಕೈ ತೋರಿಸಿದರು. "ಸಂಜೆ ಪಂಪ್‌ಸೆಟ್ಟೆಲ್ಲ ಓಡ್ವಾಗ ಇದು ನೂರತ್ತಕ್ಕೆ ಬಂದಿತ್ತು ಕಣ್ಲಾ. ವೋಲ್ಟೇಜೇ ಇಳ್ದದ, ಡಬ್ಬ ಯಾಕೆ ಅಂತ ನೇರ ಆಕ್ದೆ."

ಆರೂವರೆಗೆ ಪಂಪ್‌ಸೆಟ್ಟಿಗೆ ಕೊಡುವ ತ್ರೀ ಫೇಸ್ ಕರೆಂಟು ತೆಗೆಯುತ್ತಾರೆ. ಪಂಪ್‌ಸೆಟ್ಟೆಲ್ಲ ನಿಂತ ಕ್ಷಣ ಮುಳ್ಳು ಇನ್ನೂರು ದಾಟಿ ಹಾರುತ್ತದೆ. ಲ್ಯಾಪ್‌ಟಾಪ್ ಸುಟ್ಟದ್ದು ಆಗಲೇ. ಈ ಊರಲ್ಲೇ ಹುಟ್ಟಿ ಬೆಳೆದವರಿಗೆ ಇದು ಗೊತ್ತಿಲ್ಲವೇ? ಗೊತ್ತಿದ್ದೂ ತಮ್ಮ ತಪ್ಪನ್ನು ನನ್ನ ತಲೆಗೆ ಕಟ್ಟಿದ್ದರು.

"ಆಯ್ತು ಬುಡು, ತಪ್ಪಾಯ್ತು" ಎಂದರು, ಅಡುಗೆಮನೆಯಲ್ಲಿದ್ದ ಹೆಂಡತಿಗೂ ಕೇಳಿಸದ ಹಾಗೆ.

"ಬಸ್‌ಸ್ಟ್ಯಾಂಡಲ್ಲಿ ಅಂದದ್ದ ಬಸ್‌ಸ್ಟ್ಯಾಂಡಲ್ಲೇ ತಪ್ಪು ಅನ್ನಿ."

"ಊರ್ ಮುಂದೆ ನಾನು ನಿನ್ ತಾವ ತಪ್ಪೊಪ್ಕಬೇಕಾ?"

ಆ 'ನಿನ್ ತಾವ' ಅನ್ನುವುದರಲ್ಲಿ ಏನೇನಿತ್ತು ಅಂತ ನಮ್ಮ ಕೇರಿಯಲ್ಲಿ ಹುಟ್ಟಿದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನಾನು ಬಾಯಿ ತೆರೆಯುವಷ್ಟರಲ್ಲಿ ಬೀರಯ್ಯ ಡಬ್ಬ ಎತ್ತಿಕೊಂಡು ಹೊರಟ, ನಾನೂ ಹಿಂದೆಯೇ ಹೋದೆ. ಬಸ್‌ಸ್ಟ್ಯಾಂಡಿನ ಟೀ ಅಂಗಡಿಯ ಬೆಂಚಿನ ಮೇಲಿಟ್ಟು, "ಟೇಪು ನೋಡ್ರಲಾ, ಬಿಚ್ಚೇ ಇಲ್ಲ" ಎಂದ. "ಸಾವ್ಕಾರ್ರು ಸಂಜೆ ಲೋ ವೋಲ್ಟೇಜ್ ನಂಬ್ಕಂಡು ನೇರ ಆಕವ್ರೆ." ಅಲ್ಲಿದ್ದವರೆಲ್ಲ ಟೇಪು ಮುಟ್ಟಿ ನೋಡಿದರು.

ಆಮೇಲೆ ಅವನು ನನ್ನ ಕಡೆ ತಿರುಗಿದ. "ನನ್ ಮೋಟ್ರು ಯಾವಾಗ ಸುತ್ತಿ ಕೊಡ್ತೀಯ?"

ನನ್ನ ಸಿಟ್ಟು ಇಳಿದಿರಲಿಲ್ಲ. ಹದಿನಾಲ್ಕು ವರ್ಷದ ನನ್ನ ಕೆಲಸಕ್ಕಿಂತ ಸಾಹುಕಾರರ ಒಂದು ಮಾತು ಇವನಿಗೂ ದೊಡ್ಡದಾಗಿತ್ತಲ್ಲ.

"ಗುಂಡ್ಲುಪೇಟೆಲಿ ಸುತ್ತುಸ್ತೀನಿ ಅಂದಿದ್ದಲ್ಲ?" ಎಂದೆ.

ಬೀರಯ್ಯ ತಲೆ ತಗ್ಗಿಸಿದ. ನಾಳಿದ್ದು ಬಾ ಅಂತ ಹೇಳಿದೆ, ಅವನ ಮುಖ ನೋಡದೆ.