ಎಡಗಾಲಿಗೆ ರಜೆ

ಅಕ್ಕನ ಎಡ ಮಂಡಿ ಅಂದು ಬೆಳಿಗ್ಗೆ ಎದ್ದಾಗಲೇ ಮುಖ ಊದಿಸಿಕೊಂಡಿತ್ತು. ರೇಸ್ ಟ್ರ್ಯಾಕಿನಲ್ಲಿ ಅತಿಥಿಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಸ್ಪೋರ್ಟ್ಸ್ ಕಾರು ಓಡಿಸಿ ತೋರಿಸುವುದು ಅವಳ ಕೆಲಸ. ಆ ಕಾರಿನ ಗಟ್ಟಿ ಕ್ಲಚ್ಚನ್ನು ವರ್ಷಗಟ್ಟಲೆ ತುಳಿದೂ ತುಳಿದೂ ಮಂಡಿ ಸವೆದು ಹೋಗಿತ್ತು. ಈಗೀಗ ಮೆಟ್ಟಿಲು ಕಂಡರೆ ನಿಟ್ಟುಸಿರು ಮೊದಲು ಹತ್ತುತ್ತಿತ್ತು, ಅವಳು ಆಮೇಲೆ.

ಹಾಗಾಗಿ ಹಳೆಯ ಕಾರನ್ನು ಶೋರೂಮಿನ ಗಾಜಿನ ಹಿಂದೆ ನಿಲ್ಲಿಸಿ ಹೊಸದನ್ನು ಟ್ರ್ಯಾಕಿಗೆ ಇಳಿಸುತ್ತಾರೆ ಎಂದಾಗ ಒಳಗೊಳಗೇ ಖುಷಿಪಟ್ಟವಳು ಅವಳೊಬ್ಬಳೇ. ಹೊಸದರಲ್ಲಿ ಕ್ಲಚ್ಚೇ ಇಲ್ಲ. ಸ್ಟೀರಿಂಗ್ ಹಿಂದೆ ಎರಡು ಕಿವಿಗಳಂತೆ ಪ್ಯಾಡಲ್. ಬಲದ್ದನ್ನು ಎಳೆದರೆ ಗೇರು ಮೇಲೆ, ಎಡದ್ದನ್ನು ಎಳೆದರೆ ಕೆಳಗೆ. ಕಾಲಿಗೆ ಬ್ರೇಕು, ಆಕ್ಸಿಲರೇಟರು ಅಷ್ಟೆ.

ಅಲ್ಲಿಯೇ ಮೆಕ್ಯಾನಿಕ್ ಆಗಿದ್ದ ತಮ್ಮನಿಗೆ ಮಾತ್ರ ಮನೆಯ ಹಿರಿಯರೊಬ್ಬರು ಹೋದಷ್ಟು ಸಂಕಟ.

"ಅದೂ ಒಂದು ಕಾರಾ ಅಕ್ಕಾ? ಮಕ್ಕಳ ಆಟದ ಸಾಮಾನು. ಗೇರ್ ಹಾಕೋ ಮಜಾನೇ ಇಲ್ಲ."

"ಮಜಾ ನಿಂದು, ಮಂಡಿ ನಂದು. ಸುಮ್ನಿರು."

"ಕಾರಿನ ಜೊತೆ ಮಾತಾಡೋದೇ ಕ್ಲಚ್ಚಲ್ಲಿ."

"ಮಾತಾಡಿ ಸಾಕಾಗಿದೆ ಕಣೋ."

ಆದರೆ ಹೊಸ ಸೀಟು ಅವಳದೇ ಎಂದು ಇನ್ನೂ ಗಟ್ಟಿಯಾಗಿರಲಿಲ್ಲ. ಟ್ರ್ಯಾಕಿನ ಯಜಮಾನರು ಇಂದು ಖುದ್ದಾಗಿ ಪಕ್ಕದಲ್ಲಿ ಕೂರುತ್ತಾರೆ. ಅವಳು ಸಲೀಸಾಗಿ ಓಡಿಸಿದರೆ ಸರಿ, ಇಲ್ಲವಾದರೆ ಬೇರೆ ಡ್ರೈವರ್ ಬರುತ್ತಾನೆ. ಅವಳಿಗೆ ಬೇರೆ ಕೆಲಸ ಗೊತ್ತಿಲ್ಲ. ಕಲಿಯುವಷ್ಟು ಚೈತನ್ಯವೂ ಉಳಿದಿಲ್ಲ.

ನೇರ ದಾರಿಯಲ್ಲಿ ಕಾರು ಬೆಣ್ಣೆಯಂತೆ ಹೋಯಿತು. ತಿರುವು ಬಂತು. ಗೇರು ಇಳಿಸಬೇಕು. ತಲೆ ಕೈಗೆ ಹೇಳಿತು, ಕೈ ಪ್ಯಾಡಲ್ ಎಳೆಯಿತು. ಎಡಗಾಲಿಗೆ ಮಾತ್ರ ಯಾರೂ ಏನೂ ಹೇಳಿರಲಿಲ್ಲ. ನಿಯತ್ತಿನ ಹಳೆಯ ಆಳು ಅದು. ಗೇರು ಬದಲಾಗುತ್ತಿದೆ ಎಂದು ಗೊತ್ತಾದದ್ದೇ ತಡ, ಇಲ್ಲದ ಕ್ಲಚ್ಚನ್ನು ಹುಡುಕಿಕೊಂಡು ಹೋಗಿ, ಸಿಕ್ಕಿದ್ದನ್ನು ಬಲವಾಗಿ ತುಳಿಯಿತು. ಸಿಕ್ಕಿದ್ದು ಬ್ರೇಕು.

ಕಾರು ಗಕ್ಕನೆ ನಿಂತಿತು. ಯಜಮಾನರನ್ನು ಬೆಲ್ಟು ಹಿಡಿದುಕೊಂಡಿತು. ಅವರ ಕನ್ನಡಕವನ್ನು ಯಾರೂ ಹಿಡಿಯಲಿಲ್ಲ.

"ಏನಮ್ಮಾ, ನಾಯಿ ಅಡ್ಡ ಬಂತಾ?"

"ಇಲ್ಲ ಸರ್. ಕಾಲು ಬಂತು."

ಯಜಮಾನರು ಎರಡು ತುಂಡಾದ ಕನ್ನಡಕವನ್ನು ಜೇಬಿಗಿಳಿಸಿದರು. "ಟೀ ಕುಡಿದು ಬನ್ನಿ. ಇನ್ನೊಂದೇ ಸಲ. ಆಮೇಲೆ ನನ್ನನ್ನ ಏನೂ ಕೇಳ್ಬೇಡಿ."

ಶೆಡ್ಡಿನಲ್ಲಿ ಅವಳು ಒಂದು ಹಳೆಯ ಟೈರಿನ ಮೇಲೆ ಕುಸಿದಳು. ಟೀ ಆರುತ್ತಿತ್ತು. ಕೈಯ ಗ್ರೀಸು ಒರೆಸಿಕೊಳ್ಳುತ್ತಾ ತಮ್ಮ ಬಂದು ಎದುರಿಗೆ ನಿಂತ.

"ಬೈಯೋದಿದ್ರೆ ಬೇಗ ಬೈದುಬಿಡು," ಎಂದಳು. "ತಿರುಗಿ ಬೈಯಕ್ಕೂ ಶಕ್ತಿ ಇಲ್ಲ."

ಅವನು ಪ್ಯಾಂಟಿನ ಮೇಲಿಂದಲೇ ಕಾಣುವಷ್ಟು ಊದಿದ್ದ ಮಂಡಿಯನ್ನೇ ನೋಡಿದ. ಆಮೇಲೆ ಕುಕ್ಕರಗಾಲಿನಲ್ಲಿ ಕೂತು ಅವಳ ಎಡ ಶೂವಿನ ಲೇಸು ಬಿಚ್ಚತೊಡಗಿದ.

"ಏಯ್, ಏನೋ ಮಾಡ್ತಿದ್ದೀಯ?"

"ಶೂ ಹಾಕಿದ್ರೆ ಅದಕ್ಕೆ ಡ್ಯೂಟಿ ಅನ್ಸುತ್ತೆ. ಬಿಚ್ಚಿದ್ರೆ ಮನೇಲಿದ್ದೀನಿ ಅನ್ಕೊಂಡು ಸುಮ್ನೆ ಬಿದ್ದಿರುತ್ತೆ."

"ಒಂದೇ ಶೂ ಹಾಕ್ಕೊಂಡು ಹೋದ್ರೆ ಯಜಮಾನ್ರು ಏನಂತಾರೆ?"

"ಕನ್ನಡಕ ಇಲ್ದೇ ಅವರಿಗೇನ್ ಕಾಣುತ್ತೆ? ನಡಿ."

ನಗು ಬಂತು. ಆದರೆ ಪೂರ್ತಿ ನಗಲಿಕ್ಕೂ ಆಯಾಸ.

ಮತ್ತೆ ಅದೇ ತಿರುವು. ಬರಿಗಾಲು ಎಡಬದಿಯಲ್ಲಿ ಕಾಲೂರಲು ಇದ್ದ ತಣ್ಣನೆಯ ಲೋಹದ ಪಟ್ಟಿಯ ಮೇಲಿತ್ತು. ಅವಳ ಕೈ ಪ್ಯಾಡಲ್ ಎಳೆಯಿತು. ಕಾಲ್ಬೆರಳುಗಳು ಮುದುಡಿದವು, ಹಿಮ್ಮಡಿ ಒಂಚೂರು ಎದ್ದಿತು. ಅಂಗಾಲಿಗೆ ಪಟ್ಟಿ ಮತ್ತೆ ತಣ್ಣಗೆ ತಾಗಿತು. ಕಾಲು ಅಲ್ಲೇ ಉಳಿಯಿತು. ಕಾರು ಗುರ್ರೆಂದು ಗೇರು ಇಳಿಸಿ ತಿರುಗಿತು. ಯಜಮಾನರು ಗಟ್ಟಿಯಾಗಿ ಹಿಡಿದಿದ್ದ ಹಿಡಿಯನ್ನು ನಿಧಾನಕ್ಕೆ ಬಿಟ್ಟರು.

"ನಾಳೆಯಿಂದ ಇದನ್ನ ನೀವೇ ನೋಡ್ಕೊಳ್ಳಿ," ಎಂದರು ಇಳಿಯುವಾಗ.

ಸಂಜೆ ಮನೆಗೆ ಹೊರಟಾಗ ಅಕ್ಕ-ತಮ್ಮನ ಸ್ವಂತ ಹಳೆಯ ಕ್ಲಚ್ ಕಾರಿನ ಕೀಲಿಗೆ ಅವಳು ಕೈ ಚಾಚಿದಳು. ತಮ್ಮ ಕೊಡಲಿಲ್ಲ.

"ಪಕ್ಕದಲ್ಲಿ ಕೂತ್ಕೊಂಡು ನಿದ್ದೆ ಮಾಡು."

ಎಡ ಶೂ ಮಡಿಲಲ್ಲಿಟ್ಟುಕೊಂಡು ಅವಳು ಕಣ್ಣು ಮುಚ್ಚಿದಳು. ಸಿಗ್ನಲ್ಲಿನಲ್ಲಿ ಅವನು ಗೇರು ಬದಲಿಸಿದ. ಅವಳ ಬರಿಗಾಲು ಮ್ಯಾಟನ್ನು ಒತ್ತಿತು.

"ಕ್ಲಚ್ ಪೂರ್ತಿ ತುಳಿಯೋ."

"ನಿದ್ದೆ ಮಾಡ್ತಿದ್ದೀಯ ಅನ್ಕೊಂಡೆ."

"ನಾನು ಮಾಡ್ತಿದ್ದೀನಿ," ಎಂದಳು ಅಕ್ಕ, ಕಣ್ಣು ತೆರೆಯದೆ. "ಅದು ಮಾಡ್ತಿಲ್ಲ."