ಎದುರು ಗೇಟು

ಬಡಾವಣೆ ಹೊಸದಾಗಿದ್ದಾಗ ಆ ಬೀದಿಯಲ್ಲಿ ಮಗುವಿಲ್ಲದ ಮನೆಯೇ ಇರಲಿಲ್ಲ. ಆಗಲೇ ಟೀಚರಮ್ಮ ತನ್ನ ಮನೆಯ ಹಾಲ್‌ನಲ್ಲಿ ಶಿಶುವಿಹಾರ ತೆರೆದದ್ದು. ಬೆಳಗಾದರೆ ಗೇಟಿನ ಮುಂದೆ ಅಳು, ರಂಪ, ಟಾಟಾ. ಆ ಮಕ್ಕಳೆಲ್ಲ ಬೆಳೆದು ಬೇರೆ ಕಡೆ ಮನೆ ಮಾಡಿದರು. ಅಪ್ಪ ಅಮ್ಮಂದಿರು ಇಲ್ಲೇ ತಲೆ ನರೆಸಿಕೊಂಡರು. ಹೊಸ ಜೋಡಿಗಳಿಗೆ ಇಲ್ಲಿನ ಬಾಡಿಗೆ ಎಟುಕಲಿಲ್ಲ. ಶಿಶುವಿಹಾರದಲ್ಲಿ ಕೊನೆಗೆ ಅವಳಿ ಹುಡುಗಿಯರಿಬ್ಬರೇ ಉಳಿದರು.

ಎದುರು ಮನೆಯಲ್ಲಿ, ಆಸ್ಪತ್ರೆಯಿಂದ ನಿವೃತ್ತಳಾದ ನರ್ಸಮ್ಮ ವಯಸ್ಸಾದವರು ಹಗಲು ಕಳೆಯಲೆಂದು ಒಂದು ಕೇಂದ್ರ ತೆರೆದಳು. ನೋಡನೋಡುತ್ತಲೇ ಅದು ತುಂಬಿತು. ಒಂದು ಕಾಲದಲ್ಲಿ ಮಕ್ಕಳ ಕೈಹಿಡಿದು ಟೀಚರಮ್ಮನ ಗೇಟಿಗೆ ಬರುತ್ತಿದ್ದವರೇ ಈಗ ಊರುಗೋಲು ಹಿಡಿದು, ಅವಳ ಕಡೆ ಒಂದು ನಮಸ್ಕಾರ ಒಗೆದು, ಎದುರು ಗೇಟಿಗೆ ತಿರುಗುತ್ತಿದ್ದರು. ಅಲ್ಲಿಂದ ನಗು ಕೇಳಿಸಿದರೆ ಅವಳು ಕಿಟಕಿ ಮುಚ್ಚುವಳು. ಮರುಕ್ಷಣವೇ ಸಂದಿಯಿಂದ ಇಣುಕುವಳು.

"ಮುದುಕರನ್ನ ಕೂರಿಸ್ಕೊಳ್ಳೋಕೆ ಏನು ಮಹಾ ವಿದ್ಯೆ ಬೇಕು?" ಎಂದು ಗಂಡನ ಮುಂದೆ ಗೊಣಗಿದಳು. ಅವನು "ಹ್ಞೂಂ" ಎಂದು ಚೀಲ ಹಿಡಿದು ಬ್ರೆಡ್ ತರಲು ಹೊರಟ.

ಎಷ್ಟು ಹೊತ್ತಾದರೂ ಬರಲಿಲ್ಲ. ಕಿಟಕಿಯಿಂದ ಇಣುಕಿದರೆ, ಎದುರು ಮನೆಯ ಕೇರಂ ಬೋರ್ಡಿನ ಮೇಲೆ ಬಗ್ಗಿದ್ದ ಬೋಳು ತಲೆ ಅವನದೇ! ಅವಳು ದಡದಡ ರಸ್ತೆ ದಾಟಿದಳು.

"ಬ್ರೆಡ್ ಇಲ್ಲಿ ಮಾರ್ತಾರಾ?"

"ಒಂದೇ ಒಂದು ಆಟ ಕಣೇ..."

"ಮನೇಲಿ ತುಟಿ ಬಿಚ್ಚಲ್ಲ, ಇಲ್ಲಿ ಹಲ್ಲು ಕಿಸೀತಾ ಇದೀರಿ!"

"ಮನೇಲಿ ನೀನು ನಂಗೂ ಬಾಯ್ಮೇಲೆ ಬೆರಳಿಡು ಅಂತೀಯಲ್ಲೇ."

ಎಲ್ಲರೂ ಗೊಳ್ಳೆಂದರು. ಅವಳಿಗೂ ನಗು ಬಂದೇಬಿಡುತ್ತಿತ್ತು. ನರ್ಸಮ್ಮ ನಗುತ್ತಿರುವುದು ಕಂಡು ನುಂಗಿಕೊಂಡು, ಗೇಟಿನ ಕಡೆ ತಿರುಗಿದಳು.

ನರ್ಸಮ್ಮ ಹಿಂದೆಯೇ ಬಂದಳು. "ಟೀಚರಮ್ಮಾ, ನಮ್ಮಲ್ಲಿ ಕಾಲಿಡೋಕೂ ಜಾಗ ಇಲ್ಲ. ನಿಮ್ಮ ಹಾಲ್ ಕೊಡ್ತೀರಾ? ಹಾಡು, ಕತೆ ಎಲ್ಲಾ ನೀವೇ ಹೇಳ್ಕೊಡಿ."

"ನನ್ನ ಹಾಲ್‌ನಲ್ಲಿ ಮಕ್ಕಳಿದಾರೆ," ಎಂದು ಕಡ್ಡಿ ಮುರಿದಂತೆ ಹೇಳಿ ಬಂದುಬಿಟ್ಟಳು.

ಬೇಸಿಗೆ ರಜೆ ಮುಗಿದ ಮೇಲೆ ಅವಳಿಗಳು ದೊಡ್ಡ ಶಾಲೆಗೆ ಸೇರಿದರು. ಹೊಸ ಮಗು ಒಂದೂ ಬರಲಿಲ್ಲ. ಖಾಲಿ ಕುರ್ಚಿಗಳ ಧೂಳು ಒರೆಸಿ ಒರೆಸಿ ಸಾಕಾಗಿ, ಒಂದು ಬೆಳಿಗ್ಗೆ ತಾನೇ ರಸ್ತೆ ದಾಟಿದಳು.

"ಹಾಲ್ ತಗೊಳ್ಳಿ. ಆದ್ರೆ ಅಲ್ಲಿ ನಾನು ಹೇಳಿದ್ದೇ ನಡೀಬೇಕು."

"ಆಗ್ಲಿ ಮಾರಾಯ್ತಿ," ಎಂದಳು ನರ್ಸಮ್ಮ.

ಈಗ ಹಾಲ್ ತುಂಬಿದೆ. ಮಕ್ಕಳು ಹಾಡುತ್ತಿದ್ದ ಹಾಡನ್ನೇ ಅವರ ಅಪ್ಪ ಅಮ್ಮಂದಿರು ಚಪ್ಪಾಳೆ ತಟ್ಟಿ ಹಾಡುತ್ತಾರೆ. ತಡವಾಗಿ ಬಂದವರಿಗೆ ಬೈಗುಳ ತಪ್ಪಿದ್ದಲ್ಲ. ಗಂಡ ಕೊನೇ ಸಾಲಿನಲ್ಲಿ ಕೂತು ಪಕ್ಕದವರನ್ನು ನಗಿಸುತ್ತಾನೆ. ಆದರೆ ನರ್ಸಮ್ಮ ಮಾತ್ರೆ ಡಬ್ಬಿ ಹಿಡಿದು ಬಾಗಿಲಲ್ಲಿ ಕಾಣಿಸಿದರೆ ಸಾಕು, ಎಲ್ಲರ ಮುಖ ಅರಳಿ ಅತ್ತ ತಿರುಗುತ್ತದೆ.

"ಇಲ್ಲಿ ನೋಡಿ, ಇಲ್ಲಿ!" ಟೀಚರಮ್ಮ ಮೇಜು ಕುಟ್ಟುತ್ತಾಳೆ.