ಬಲಗಡೆಯ ಗೆರೆ

"ಒಸಿ ಸರ್ಕೊ" ಎಂದು ಹೆಂಡತಿಗೆ ಹೇಳಿ ಅಂಜಿನಪ್ಪ ಎಕ್ಸರೆಯನ್ನು ಬಸ್ಸಿನ ಕಿಟಕಿಯ ಬೆಳಕಿಗೆ ಹಿಡಿದ. ಬಸ್ಸು ತುಮಕೂರು ಬಿಟ್ಟು ಹೆಬ್ಬೂರಿನ ಕಡೆ ಹೊರಟಿತ್ತು. ಡಾಕ್ಟರು ಊರಲ್ಲಿಲ್ಲ, ಸೋಮವಾರ ತೋರಿಸಿ ಎಂದು ಎಕ್ಸರೆ ತೆಗೆದವನು ಕವರನ್ನು ಕೈಗೆ ಕೊಟ್ಟು ಕಳಿಸಿದ್ದ. ಹೆಂಡತಿ ಯುಗಾದಿಯಿಂದ ಕೆಮ್ಮುತ್ತಿರುವಾಗ ಸೋಮವಾರದವರೆಗೆ ಕವರು ಬಿಚ್ಚದೆ ಇರುವ ತಾಳ್ಮೆ ಯಾವ ಗಂಡನಿಗಿದ್ದೀತು?

ಪಕ್ಕೆಲುಬುಗಳು ಕಂಡವು. ಅವುಗಳ ನಡುವೆ, ಎದೆಯ ಒಂದು ಪಕ್ಕದಲ್ಲಿ ಮಾತ್ರ, ಕೂದಲೆಳೆಯಂಥ ಬಿಳಿ ಗೆರೆಯೊಂದು ಅಡ್ಡಕ್ಕೆ ಹಾದುಹೋಗಿತ್ತು. ಅಂಜಿನಪ್ಪ ಎಕ್ಸರೆಯನ್ನು ಗಾಜಿಗೆ ಇನ್ನೂ ಹತ್ತಿರ ಹಿಡಿದ.

ಹಿರೇಹಳ್ಳಿಯ ಎರಕದ ಕಾರ್ಖಾನೆಯಲ್ಲಿ ಅವನ ಕೆಲಸವೇ ಗೆರೆ ಹುಡುಕುವುದು. ಎರಕಕ್ಕೆ ಸೀಮೆಎಣ್ಣೆ ಸವರಿ, ಒರೆಸಿ, ಮೇಲೆ ಸುಣ್ಣ ಬಳಿದರೆ, ಬಿರುಕಿದ್ದ ಕಡೆ ಎಣ್ಣೆ ಜಿನುಗಿ ಗೆರೆ ಮೂಡುತ್ತದೆ. ಗೆರೆ ಮೂಡಿದ್ದಕ್ಕೆ ಕೆಂಪು ಬಣ್ಣ ಬಳಿದು ಮೂಲೆಗೆ ಎಸೆಯುತ್ತಿದ್ದ. ಅದು ಮತ್ತೆ ಕುಲುಮೆಗೇ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅನ್ನುತ್ತಾರೆ. ಕಣ್ಣೇ ಕಸುಬಾದವನಿಗೆ ಆ ಗಾದೆ ಯಾರು ಹೇಳಬೇಕು?

"ಏನೈತೆ?" ಎಂದಳು ವನಜ.

"ಬಿರುಕು ಬುಟ್ಟೈತೆ ಕಣೇ, ಒಳಗೆ."

ವನಜಳ ಸೆರಗಿನೊಳಗೆ ಮಗು ಹಾಲು ಕುಡಿಯುತ್ತಿತ್ತು. ಅಂಜಿನಪ್ಪ ಕೈಹಾಕಿ ಮಗುವನ್ನು ಎಳೆದುಕೊಂಡ. ಅದು ಚೀರಿತು. ಬಸ್ಸಿನವರೆಲ್ಲ ತಿರುಗಿ ನೋಡಿದರು.

ಮನೆಯಲ್ಲಿ ಅವನ ತಾಯಿ ರಂಗಮ್ಮ ಎಕ್ಸರೆಯನ್ನು ನೋಡಲೂ ಇಲ್ಲ, ಅಂಗಳದಲ್ಲೇ ಕುಸಿದು ಕೂತಳು. "ನಮ್ಮಣ್ಣನ ಹೆಂಡ್ರೂ ಇಂಗೇ ಕೆಮ್ಮಿ ಕೆಮ್ಮಿ ಹೋದ್ಲು ಕಣಪ್ಪ. ಕ್ಷಯ. ಅವ್ಳ ಹಿಂದೇನೇ ಕೂಸೂ ಹೋಯ್ತು" ಎಂದು ಅತ್ತಳು. ಅಳುತ್ತಲೇ ಎದ್ದು ಸೊಸೆಯ ತಟ್ಟೆ ಲೋಟಗಳನ್ನು ಜಗಲಿಯ ಮೇಲೆ ಬೇರೆ ಇಟ್ಟಳು. ಕೆಟ್ಟ ಹೆಂಗಸಲ್ಲ, ಹೆದರಿದ ಹೆಂಗಸು.

ಮಗುವನ್ನು ಕುಣಿಗಲ್ಲಿನಲ್ಲಿರುವ ಅಂಜಿನಪ್ಪನ ಅಕ್ಕ ನರಸಮ್ಮನ ಮನೆಗೆ ಬಿಡುವುದೆಂದಾಯಿತು. ವನಜ ಜಗಳವಾಡಬಹುದೆಂದು ಅವನು ಅಂಜಿದ್ದ. ಅವಳೇ ಟೋಪಿ ಕಟ್ಟಿ, ಕಾಡಿಗೆ ಬೊಟ್ಟಿಟ್ಟು, ಮಗುವನ್ನು ದೂರದಿಂದ ಚಾಚಿ ಕೊಟ್ಟಳು. "ಬೇಗ ಕರ್ಕೊಂಡೋಗಿ. ನನ್ ಹಾಲು ಬ್ಯಾಡ ಅದಕ್ಕೆ" ಎಂದಳು. ಆಮೇಲೆ ಎದೆಯಲ್ಲಿ ಕಟ್ಟಿದ ಹಾಲನ್ನು, ಯಾರೂ ತುಳಿಯಬಾರದೆಂದು, ಮಲ್ಲಿಗೆ ಬುಡಕ್ಕೆ ಹಿಂಡಿ ಬರುತ್ತಿದ್ದಳು. ಪ್ರತಿ ಉಸಿರಿಗೂ ಒಳಗಿನ ಬಿರುಕು ಅಗಲವಾಗುತ್ತಿದೆ ಎನ್ನಿಸಿ ಮೆಲ್ಲಗೆ ಉಸಿರಾಡುತ್ತಿದ್ದಳು. ತಾನು ಸಾಯುವ ಭಯಕ್ಕಿಂತ, ಇಷ್ಟು ದಿನ ಕುಡಿಸಿದ ಹಾಲಿನ ಭಯವೇ ಅವಳನ್ನು ತಿನ್ನುತ್ತಿತ್ತು.

ಸೋಮವಾರ ಡಾಕ್ಟರ್ ಸೀತಾರಾಮಯ್ಯ ಎಕ್ಸರೆಯನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ ನೋಡಿದರು, ಕಫ ಪರೀಕ್ಷೆಯ ಚೀಟಿಯನ್ನೂ ಓದಿದರು.

"ಶ್ವಾಸಕೋಶ ಚೆನ್ನಾಗಿದೆಯಲ್ಲಮ್ಮ. ಕಫದಲ್ಲೂ ಏನಿಲ್ಲ."

"ಸ್ವಾಮಿ, ಬಿರುಕು..." ಅಂಜಿನಪ್ಪ ಬೆರಳಿಟ್ಟು ತೋರಿಸಿದ.

"ಇದಾ? ಬಿರುಕಲ್ಲಪ್ಪ. ಬಲಗಡೆ ಶ್ವಾಸಕೋಶದಲ್ಲಿ ಮೂರು ಭಾಗ ಇರುತ್ತೆ. ಕಿತ್ತಲೆ ತೊಳೆಗಳ ನಡುವೆ ತೆಳ್ಳಗೆ ಸಿಪ್ಪೆ ಇರಲ್ವೇ, ಹಾಗೆ ಎರಡು ಭಾಗ ಕೂಡೋ ಜಾಗ ಇದು. ನನಗೂ ಇದೆ, ನಿನಗೂ ಇದೆ. ಎಕ್ಸರೆಯಲ್ಲಿ ಕೆಲವರಿಗೆ ಕಾಣುತ್ತೆ, ಕೆಲವರಿಗೆ ಕಾಣಲ್ಲ, ಅಷ್ಟೆ. ಒಲೆ ಹೊಗೆಗೆ ಬಂದ ಕೆಮ್ಮು, ಔಷಧಿ ಬರೀತೀನಿ."

"ಕೂಸಿಗೆ ಹಾಲು ಕೊಡ್ಬೌದಾ ಸ್ವಾಮಿ?" ವನಜ ಕೇಳಿದಳು.

"ಧಾರಾಳವಾಗಿ ಕೊಡಮ್ಮ. ಯಾರು ಬೇಡ ಅಂದ್ರು?"

ಅಂಜಿನಪ್ಪ ಎಕ್ಸರೆಯನ್ನು ಪೆಟ್ಟಿಗೆಯಿಂದ ಬಿಡಿಸಿ ಕವರಿಗೆ ಹಾಕತೊಡಗಿದ.

ತಮ್ಮೂರಲ್ಲಿ ಇಳಿಯದೆ ಅದೇ ಬಸ್ಸಿನಲ್ಲಿ ನೇರ ಕುಣಿಗಲ್ಲಿಗೆ ಹೋದರು. "ಏನೂ ಇಲ್ವಂತೆ ಅಕ್ಕ, ಎಲ್ಲಾರ್ಗೂ ಇರ್ತದಂತೆ!" ಎಂದು ಅಂಜಿನಪ್ಪ ಬೀದಿಯಿಂದಲೇ ಕೂಗಿದ. ನರಸಮ್ಮ ಕಣ್ಣೊರೆಸಿಕೊಂಡು ನಕ್ಕಳು. ರಾಗಿ ಸರಿ ತಿನ್ನಲೊಲ್ಲದೆ ಸೊರಗಿದ್ದ ಮಗುವನ್ನು ತಂದು ವನಜಳ ಮಡಿಲಿಗೆ ಹಾಕಿ, "ತಕ್ಕೊಳವ್ವ, ನಿನ್ ಸೊತ್ತು" ಎಂದಳು.

ಮಗು ತಡಕಾಡುತ್ತ ರವಿಕೆ ಹುಡುಕಿತು. ಅಕ್ಕ ತಮ್ಮ ಒಳಗೆ ಜೋರಾಗಿ ಮಾತಾಡುತ್ತಿದ್ದರು. ಮಗು ಎದೆಗೆ ಬಾಯಿ ಹಾಕಿ ಗುಟುಕು ಗುಟುಕಾಗಿ ಕುಡಿಯತೊಡಗಿತು. ವನಜ ತನ್ನ ಉಸಿರು ಅದಕ್ಕೆ ತಾಕದಂತೆ ಮುಖವನ್ನು ಗೋಡೆಯ ಕಡೆಗೆ ಪೂರ್ತಿ ತಿರುಗಿಸಿ, ಉಸಿರು ಬಿಗಿಹಿಡಿದು ಕೂತಿದ್ದಳು.